ಹೊರನಾಡ ಮಕ್ಕಳ ಬಾಯಲ್ಲಿ ಭಾರತ ರಾಮಾಯಣಗಳು

ಹೊರನಾಡಿನಲ್ಲಿ ನೆಲೆ ನಿಂತ ಕುಟುಂಬಗಳಲ್ಲಿ ಕನ್ನಡವು ಒಂದೇ ದಿನಕ್ಕೆ ಮರೆಯಾಗುವುದಿಲ್ಲ. ಮೊದಲು ಬರಹ ಹೋಗುತ್ತದೆ. ಅದರ ಹಿಂದೆಯೇ ಓದು ಹೋಗುತ್ತದೆ. ಮೂರನೆಯ ತಲೆಮಾರಿಗೆ ಬರುವ ವೇಳೆಗೆ ನಾಲಿಗೆಯೂ ಹಿಂಜರಿದು, ಕಿವಿಯೊಂದು ಮಾತ್ರ ಕನ್ನಡದ್ದಾಗಿ ಉಳಿಯುತ್ತದೆ. ತಾಯಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಉತ್ತರ ಕೊಡುವ ಮನೆಗಳು ಪುಣೆಯಲ್ಲಿ ಅಪರೂಪವಲ್ಲ. ಇದರಿಂದ ಮನೆಯೊಳಗಿನ ವ್ಯವಹಾರಕ್ಕೇನೂ ತೊಡಕಾಗದು. ಆದರೆ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಫೋನು ಮಾಡಿದಾಗ ಆ ಮಗುವಿಗೆ "ಊಟ ಆತು, ಸಾಲಿಗೆ ಹೋಗಿದ್ದೆ" ಎಂಬ ಎರಡು ಮಾತುಗಳಾದ ಮೇಲೆ ಮೂರನೆಯದು ದೊರೆಯುವುದಿಲ್ಲ. ಆ ಕಡೆಯಿಂದ ಅಜ್ಜಿ "ಮತ್ತ ಏನ್ ವಿಶೇಷವಾ?" ಎಂದು ಕೇಳುತ್ತಾಳೆ. ಈ ಕಡೆ ಮಗು ಫೋನನ್ನು ತಾಯಿಯ ಕೈಗೆ ಕೊಟ್ಟು ಓಡಿಹೋಗುತ್ತದೆ. ಆ ಮೂರನೆಯ ಮಾತನ್ನು ಮಗುವಿಗೆ ಒದಗಿಸಿಕೊಡುವುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಧನಕವಡಿಯು ಕಾತ್ರಜದ ಗುಡ್ಡಗಳ ಇಳಿಜಾರಿನ ಕೆಳಗೆ, ಸಾತಾರಾ ರಸ್ತೆಯ ಮಗ್ಗುಲಿಗೆ ಬೆಳೆದಿರುವ ಬಡಾವಣೆ. ಇದೇ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ಕೊಲ್ಲಾಪುರ, ನಿಪ್ಪಾಣಿಗಳನ್ನು ದಾಟಿ ಬೆಳಗಾವಿ ಹುಬ್ಬಳ್ಳಿಗಳನ್ನು ಸೇರಬಹುದು. ಇಲ್ಲಿನ ಕೆಲವು ಕನ್ನಡ ಮನೆಗಳ ಹತ್ತು ಹನ್ನೆರಡು ಮಕ್ಕಳಿಗೆ ಭಾನುವಾರ ಬೆಳಿಗ್ಗೆ ನಾನು ಕನ್ನಡವನ್ನು ಹೇಳಿಕೊಡುತ್ತ ಬಂದಿದ್ದೇನೆ. ಎಂಟು ವರ್ಷದವರಿಂದ ಹದಿನೈದರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುವುದರಿಂದ ಎಲ್ಲರಿಗೂ ಒಂದೇ ಪಾಠ ಹೊಂದುವುದಿಲ್ಲ. ಕಾಗುಣಿತದ ತಿದ್ದುವಿಕೆ ಚಿಕ್ಕವರಿಗೂ ಬೇಸರ, ದೊಡ್ಡವರಿಗೂ ಬೇಸರ. ಅಲ್ಲದೆ ಶಾಲೆಯಲ್ಲಿ ದೇವನಾಗರಿಯನ್ನು ಕಲಿತ ಮಗುವಿಗೆ "ಇದೇ ಕ, ಇದೇ ಖ, ರೂಪ ಮಾತ್ರ ಬೇರೆ" ಎನ್ನುವುದು ಎರಡು ವಾರಗಳಲ್ಲಿ ತಿಳಿದುಹೋಗುತ್ತದೆ. ಓದುವುದಕ್ಕೆ ಏನಿದೆ ಎಂಬ ಪ್ರಶ್ನೆ ಏಳುವುದು ಅನಂತರ.

ಉತ್ತರ ಅವರ ಬಳಿಯಲ್ಲಿಯೇ ಇದ್ದಿತು. 2020ರ ಲಾಕ್‌ಡೌನಿನಲ್ಲಿ ದೂರದರ್ಶನವು 1987 ಮತ್ತು 1988ರಲ್ಲಿ ಆರಂಭಿಸಿದ್ದ ರಾಮಾಯಣ ಮಹಾಭಾರತ ಧಾರಾವಾಹಿಗಳನ್ನು ಮರುಪ್ರಸಾರ ಮಾಡಿತಷ್ಟೆ. ತಂದೆತಾಯಿಗಳು ತಮ್ಮ ಬಾಲ್ಯದಲ್ಲಿ ನೋಡಿದ್ದನ್ನು ಮಕ್ಕಳೂ ನೋಡಿದರು. ಹೀಗಾಗಿ ಕಥೆ ಅವರಿಗೆ ಗೊತ್ತು. ಗೊತ್ತಿರುವುದು ಮಾತ್ರ ಹಿಂದಿಯಲ್ಲಿ. ಗೊತ್ತಿದ್ದ ಕಥೆಯನ್ನು ಹೇಳುವಾಗ ಮಗು ಅರ್ಥವನ್ನು ಹುಡುಕಬೇಕಾಗಿಲ್ಲ, ಮಾತನ್ನು ಮಾತ್ರ ಹುಡುಕಿದರಾಯಿತು. ಭಾಷೆ ಕಲಿಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲವೆಂದು ನನ್ನ ಅಭಿಪ್ರಾಯ.

ಆಗ ನಾವು ಒಂದು ಏರ್ಪಾಡು ಮಾಡಿಕೊಂಡೆವು. ಮಕ್ಕಳು ಅದನ್ನು ತಮ್ಮ ಶಾಲೆಯ ಮಾತಿನಲ್ಲಿ ಪ್ರಾಜೆಕ್ಟ್ ಎನ್ನುತ್ತಾರೆ. ಪ್ರತಿಯೊಂದು ಮಗುವೂ ವರ್ಷಾರಂಭದಲ್ಲಿ ಒಂದು ಕಥೆಯನ್ನು ಆರಿಸಿಕೊಳ್ಳಬೇಕು. ಯುದ್ಧದ ನಾಯಕರನ್ನು ಬಿಟ್ಟು ಮೂಲೆಯಲ್ಲಿರುವ ಪಾತ್ರವನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಕಥೆಯನ್ನು ಹೇಳಿದವರು ಯಾರು, ವ್ಯಾಸರೋ ಕುಮಾರವ್ಯಾಸನೋ ಮನೆಯ ಅಜ್ಜಿಯೋ ಎಂಬುದನ್ನು ವಿಚಾರಿಸಿ ಮೊದಲೇ ಹೇಳಬೇಕು. ಕನ್ನಡವನ್ನು ಮಾತ್ರ ಬಲ್ಲ ಹಿರಿಯರೊಬ್ಬರಿಗೆ ಫೋನಿನಲ್ಲಿಯಾದರೂ ಕಥೆಯನ್ನು ಪೂರ್ತಿ ಹೇಳಿ ಅವರಿಂದ ಒಪ್ಪಿಗೆ ಪಡೆಯಬೇಕು. ಕಡೆಗೆ ದೀಪಾವಳಿಯ ಸೂಟಿಗೆ ಮುಂಚೆ ಎಲ್ಲರೆದುರಿಗೆ ಹತ್ತು ನಿಮಿಷ, ಕಾಗದವಿಲ್ಲದೆ, ಕಥೆಯನ್ನು ಹೇಳಬೇಕು. ಇಷ್ಟೇ ನಿಯಮ. ಹೀಗೆ ಮೂಡಿಬಂದ ಕಥೆಗಳಲ್ಲಿ ನನಗೆ ಬಲು ಮೆಚ್ಚಿಕೆಯಾದ ಕೆಲವನ್ನು ವಾಚಕರ ಮುಂದಿಡುತ್ತೇನೆ.

ಒಂಬತ್ತು ವರ್ಷದ ಬಾಲಕಿಯೊಬ್ಬಳು ಚಂದ್ರಹಾಸನ ಕಥೆಯನ್ನು ಆರಿಸಿದಳು. ಲಕ್ಷ್ಮೀಶನ ಜೈಮಿನಿ ಭಾರತದಿಂದ ಕನ್ನಡನಾಡಿನ ಮನೆಮನೆಗೆ ತಿಳಿದ ಕಥೆಯಿದು. ಅನಾಥ ಬಾಲಕನನ್ನು ಕೊಲ್ಲಿಸಲು ಕುಂತಳದ ಮಂತ್ರಿ ದುಷ್ಟಬುದ್ಧಿಯು ಕಟುಕರನ್ನು ಕಳುಹಿಸುತ್ತಾನೆ. ಅವರು ಮರುಕಗೊಂಡು ಕಾಲಿನ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಗುರುತಿಗೆ ಒಯ್ಯುತ್ತಾರೆ. ಬೆಳೆದು ದೊಡ್ಡವನಾದ ಚಂದ್ರಹಾಸನ ಕೈಯಲ್ಲಿಯೇ ಮಂತ್ರಿ ತನ್ನ ಮಗನಿಗೆ ಓಲೆ ಕೊಟ್ಟು ಕಳುಹಿಸುತ್ತಾನೆ: ಇವನಿಗೆ ವಿಷವನ್ನು ಕೊಡು. ಉದ್ಯಾನದಲ್ಲಿ ಮಲಗಿದ್ದ ತರುಣನ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಕಂಡು, ತಂದೆ ಅವಸರದಲ್ಲಿ ತನ್ನ ಹೆಸರನ್ನು ತಪ್ಪಾಗಿ ಬರೆದಿರಬೇಕೆಂದು ಬಗೆದು, ಒಂದಕ್ಷರವನ್ನು ತಿದ್ದುತ್ತಾಳೆ. ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ.

ಬಾಲಕಿ ಎರಡು ರಟ್ಟಿನ ಹಲಗೆಗಳನ್ನು ತಂದಿದ್ದಳು. ಒಂದರ ಮೇಲೆ "ವಿಷವ" ಎಂದು ದೊಡ್ಡದಾಗಿ ಬರೆದು, ಕಥೆ ಆ ಘಟ್ಟಕ್ಕೆ ಬಂದಾಗ ಅಮ್ಮನ ಕಾಡಿಗೆ ಡಬ್ಬಿಯನ್ನು ತೆರೆದು, ಕೊನೆಯ ವಕಾರವನ್ನು ಅಳಿಸಿ ಯೆಕಾರವನ್ನು ಬರೆದಳು. ಇನ್ನೊಂದು ಹಲಗೆಯ ಮೇಲೆ ದೇವನಾಗರಿಯಲ್ಲಿ ಅದೇ ಎರಡು ಶಬ್ದಗಳಿದ್ದವು. ಕೇಳುತ್ತಿದ್ದ ಮಕ್ಕಳೆಲ್ಲರೂ ಮೈಮರೆತಿದ್ದರು. ವ, ಮ, ಯ ಈ ಮೂರನ್ನೂ ಒಂದರ ಬದಲಿಗೆ ಒಂದನ್ನು ಬರೆಯುತ್ತಿದ್ದ ಚಿಕ್ಕವರು ಆ ದಿನದ ಬಳಿಕ ಎಚ್ಚರ ವಹಿಸಿದರು. ಒಂದಕ್ಷರ ತಪ್ಪಿದರೆ ಒಬ್ಬನ ಪ್ರಾಣ ಹೋಗಬಹುದು ಅಥವಾ ಉಳಿಯಬಹುದು ಎಂದು ನಾನು ನೂರು ಸಲ ಹೇಳಿದ್ದರೂ ಈ ಫಲ ದೊರೆಯುತ್ತಿರಲಿಲ್ಲ.

ಕಾಗುಣಿತದ ಕಡುವೈರಿಯಾದ ಹುಡುಗನೊಬ್ಬನಿದ್ದ. ಬುದ್ಧಿವಂತ, ಆದರೆ ಬರೆ ಎಂದರೆ ಕಿಟಕಿಯ ಕಡೆಗೆ ನೋಡುವವ. ವನಪರ್ವದ ಯವಕ್ರೀತನ ಕಥೆಯನ್ನು ನಾನೇ ಅವನಿಗೆ ಸೂಚಿಸಿದೆ. ಇದರಲ್ಲಿ ಸ್ವಲ್ಪ ತುಂಟತನವಿತ್ತೆಂದು ಒಪ್ಪಬೇಕು. ಭರದ್ವಾಜನ ಮಗನಾದ ಯವಕ್ರೀತನು ಗುರುಮುಖದಿಂದ ಕಲಿಯುವ ಶ್ರಮವಿಲ್ಲದೆಯೇ ವೇದಗಳೆಲ್ಲ ತನಗೆ ಹೊಳೆಯಬೇಕೆಂದು ಘೋರ ತಪಸ್ಸಿಗೆ ತೊಡಗುತ್ತಾನೆ. ಇಂದ್ರನು ಮುದುಕನ ವೇಷದಲ್ಲಿ ಬಂದು ಗಂಗೆಗೆ ಹಿಡಿಹಿಡಿಯಾಗಿ ಮರಳನ್ನು ಸುರಿಯುತ್ತಿರುತ್ತಾನೆ. ಏನು ಮಾಡುತ್ತಿರುವೆ ಎಂದು ಕೇಳಿದರೆ, ಸೇತುವೆ ಕಟ್ಟುತ್ತಿರುವೆ ಎನ್ನುತ್ತಾನೆ. ನಗುವ ಯವಕ್ರೀತನಿಗೆ, ನಿನ್ನ ತಪಸ್ಸೂ ಇಂಥದ್ದೇ ಅಲ್ಲವೇ ಎಂದು ಉತ್ತರ ಬರುತ್ತದೆ. ಗಿರೀಶ ಕಾರ್ನಾಡರು 'ಅಗ್ನಿ ಮತ್ತು ಮಳೆ' ನಾಟಕಕ್ಕೆ ಇದೇ ಕಥೆಯನ್ನು ಆಧರಿಸಿದರು. 1974-75ರಲ್ಲಿ ನಮ್ಮ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಅವರೇ ಎಂಬುದನ್ನು ಇಲ್ಲಿನ ಮಕ್ಕಳಿಗೆ ಹೇಳುವುದು ನನಗೊಂದು ಸಂತೋಷ.

ಹುಡುಗ ಕಥೆಯನ್ನು ಇಂದ್ರನ ಬಾಯಿಂದ ಹೇಳಿಸಿದ. ಗಂಗೆಯ ಬದಲಿಗೆ ಮುಠಾ ನದಿಯ ದಂಡೆ. ಮುದುಕನಾದ ಇಂದ್ರನಿಗೆ ಸೊಂಟನೋವು, ಬಗ್ಗಿ ಬಗ್ಗಿ ಮರಳು ತುಂಬಿ ಸಾಕಾಗಿದೆ, "ಈ ಹುಡುಗ ಲಗೂನ ನನ್ನ ನೋಡಬಾರದ?" ಎಂದು ಗೊಣಗುತ್ತಾನೆ. ಸಭೆಯಲ್ಲಿ ನಗೆಯೋ ನಗೆ. ಮೂಲದಲ್ಲಿ ಯವಕ್ರೀತನು ವರ ಪಡೆದ ಮೇಲೆ ಮದದಿಂದ ಮಾಡುವ ಅಕೃತ್ಯ, ಅದರಿಂದಾಗುವ ಸಾವು ಎಳೆಯರಿಗೆ ಹೇಳತಕ್ಕದ್ದಲ್ಲವಾದ್ದರಿಂದ ಅದನ್ನು ದಾಟಿಸಿದೆವು. ಆದರೆ ಕಡೆಯ ಪ್ರಶ್ನೋತ್ತರವನ್ನು ಬಿಡಲಿಲ್ಲ. ಮರಳಿ ಜೀವ ಪಡೆದ ಯವಕ್ರೀತನು, ವೇದ ಬಲ್ಲ ನನ್ನನ್ನು ರೈಭ್ಯನು ಹೇಗೆ ಗೆದ್ದನೆಂದು ದೇವತೆಗಳನ್ನು ಕೇಳಿದಾಗ, ಅವನು ಕಷ್ಟಪಟ್ಟು ಗುರುಗಳಿಂದ ಕಲಿತನೆಂದು ಅವರು ಹೇಳುತ್ತಾರೆ. ಹುಡುಗ ಇದನ್ನು ಹೇಳುವಾಗ ನನ್ನ ಕಡೆಗೆ ನೋಡಲಿಲ್ಲ. ಕಾಗುಣಿತವನ್ನು ಅವನು ಇಂದಿಗೂ ಪ್ರೀತಿಸುವುದಿಲ್ಲ, ಆದರೆ ಬರೆಯುತ್ತಾನೆ.

ಗಣೇಶೋತ್ಸವದ ಈ ಪಟ್ಟಣದಲ್ಲಿ ಗಣಪತಿಯೇ ಮಹಾಭಾರತವನ್ನು ಬರೆದುಕೊಂಡನೆಂಬ ಕಥೆಯನ್ನು ಯಾರಾದರೊಬ್ಬರು ಆರಿಸಿಯೇ ಆರಿಸುತ್ತಾರೆ. ಒಂದು ವರ್ಷ ಹಾಗೆ ಆರಿಸಿದ ಬಾಲಕನಿಗೆ, ಕಥೆ ಹೇಳಿದವರು ಯಾರೆಂಬ ನಮ್ಮ ನಿಯಮವೇ ಅಡ್ಡ ಬಂತು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1917ರಲ್ಲಿ ಸ್ಥಾಪನೆಯಾಯಿತು. 1919ರಿಂದ 1966ರವರೆಗೆ ಅಲ್ಲಿ ವಿಷ್ಣು ಸೀತಾರಾಮ ಸುಕ್ಥಣಕರ ಮೊದಲಾದ ವಿದ್ವಾಂಸರು 1,259 ಹಸ್ತಪ್ರತಿಗಳನ್ನು ಕೂಡಿಹಾಕಿ, ಪಾಠಗಳನ್ನು ಒಂದಕ್ಕೊಂದು ಹೋಲಿಸಿ, ಮಹಾಭಾರತದ ಶೋಧಿತ ಪಾಠವನ್ನು 19 ಸಂಪುಟಗಳಲ್ಲಿ ಹೊರತಂದರು. ಮರಾಠಿಯಲ್ಲಿ ಇದನ್ನು 'ಚಿಕಿತ್ಸಕ ಆವೃತ್ತಿ' ಎನ್ನುತ್ತಾರೆ. ಗ್ರಂಥಕ್ಕೇನು ರೋಗ ಬಂದಿತ್ತೆಂದು ಮಗುವೊಂದು ಕೇಳಿತು. ವೈದ್ಯಲೇಖನಗಳಿರುವ ಈ ಸಂಚಿಕೆಯ ವಾಚಕರು ಆ ಪ್ರಶ್ನೆಯನ್ನು ಮೆಚ್ಚಿಯಾರು. ಆ ಆವೃತ್ತಿಯಲ್ಲಿ ಗಣಪತಿ ಲಿಪಿಕಾರನಾದ ಪ್ರಸಂಗವು ಮುಖ್ಯ ಪಾಠದಲ್ಲಿಲ್ಲ. ಎಲ್ಲ ಹಸ್ತಪ್ರತಿಗಳಲ್ಲಿಯೂ ಅದು ದೊರೆಯದ ಕಾರಣ ಅನುಬಂಧಕ್ಕೆ ಸರಿಸಲಾಗಿದೆ.

ಬಾಲಕನ ಮುಖ ಬಾಡಿತು. "ಹಂಗಾರ ಇದು ಸುಳ್ಳೇನ್ರಿ ಸರ್?" ಎಂದ. ಶಿಕ್ಷಕನಾದವನಿಗೆ ಇಂಥ ಪ್ರಶ್ನೆಗಿಂತ ದೊಡ್ಡ ಪರೀಕ್ಷೆಯಿಲ್ಲ. ಸುಳ್ಳೆಂದರೆ ಮಗುವಿನ ಶ್ರದ್ಧೆಗೆ ಪೆಟ್ಟು, ನಿಜವೆಂದರೆ ವಿದ್ಯೆಗೆ ಪೆಟ್ಟು. ಸಂಪಾದಕರು ಆ ಪ್ರಸಂಗವನ್ನು ಎಸೆದುಬಿಟ್ಟಿಲ್ಲ, ಜೋಪಾನವಾಗಿ ಬೇರೆಡೆ ಇಟ್ಟಿದ್ದಾರೆ. ಮೂಲ ಕಥೆಗೆ ಅನಂತರದವರು ಕೂಡಿಸಿದ್ದನ್ನೂ ನೂರಾರು ವರ್ಷ ಜನ ಪ್ರೀತಿಯಿಂದ ಕೇಳಿದ್ದಾರೆ ಎಂದು ನಾನು ವಿವರಿಸಿದೆ. ಒಂದು ಭಾನುವಾರ ಸ್ವಾರಗೇಟಿನ ಮೇಲಿಂದ ಡೆಕ್ಕನ್ ಕಡೆಗೆ ಹೋಗಿ ಆ ಮಂದಿರದ ಕಲ್ಲುಕಟ್ಟಡವನ್ನು ಹೊರಗಿನಿಂದಲೇ ತೋರಿಸಿದೆ. ದೀಪಾವಳಿಗೆ ಬಾಲಕ ಅದೇ ಕಥೆಯನ್ನು ಹೇಳಿದ. ಆದರೆ "ಕೆಲವು ಹಳೆಯ ಪ್ರತಿಗಳೊಳಗ ಹೀಂಗ ಐತಿ" ಎಂದು ಆರಂಭಿಸಿದ. ಅವನ ವಯಸ್ಸಿಗೆ ಇದು ಬಹು ದೊಡ್ಡ ವಾಕ್ಯ.

ಒಬ್ಬನೇ ವ್ಯಕ್ತಿಯ ಕಣ್ಣಿನಿಂದ ಇಡೀ ಭಾರತವನ್ನು ನೋಡುವ ಕ್ರಮಕ್ಕೆ ಪುಣೆಯಲ್ಲಿಯೇ ಒಂದು ಹಿರಿಯ ಮಾದರಿಯಿದೆ. ಡೆಕ್ಕನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಇರಾವತಿ ಕರ್ವೆಯವರ 'ಯುಗಾಂತ'ವು ಗಾಂಧಾರಿ, ಕುಂತಿ, ದ್ರೌಪದಿ, ಕರ್ಣರನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಪ್ರಬಂಧಗಳಲ್ಲಿ ಪರಿಶೀಲಿಸುತ್ತದೆ. ಕನ್ನಡದಲ್ಲಿ ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಮಂಥರೆಯನ್ನು ಬರಿಯ ದುಷ್ಟೆಯನ್ನಾಗಿ ಬಿಡದೆ, ಭರತನ ಮೇಲಿನ ಮಮತೆಯಿಂದ ದಾರಿ ತಪ್ಪಿದ ಜೀವವನ್ನಾಗಿ ಚಿತ್ರಿಸಿದರು. ಹದಿನಾಲ್ಕರ ಹುಡುಗಿಯೊಬ್ಬಳು ಈ ಮಂಥರೆಯನ್ನು ಆರಿಸಿ ಧಾರವಾಡದ ತನ್ನ ಅಜ್ಜಿಗೆ ಫೋನಿನಲ್ಲಿ ಹೇಳಿದಾಗ ಅಜ್ಜಿ ಒಪ್ಪಲಿಲ್ಲ. ಮಂಥರೆ ಒಳ್ಳೆಯವಳೆಂದರೆ ರಾಮನ ವನವಾಸಕ್ಕೆ ಹೊಣೆ ಯಾರು ಎಂಬುದು ಅವರ ವಾದ. ವಾದ ನಾಲ್ಕು ಭಾನುವಾರ ನಡೆಯಿತು. ಕಡೆಗೂ ಒಪ್ಪಿಗೆ ಬರಲಿಲ್ಲ. ಆದರೂ ಆ ಹುಡುಗಿಗೆ ಕಥೆ ಹೇಳಲು ನಾನು ಅವಕಾಶ ಕೊಟ್ಟೆ, ಏಕೆಂದರೆ ಮೊದಲು ಎರಡು ಮಾತಿಗೆ ಮುಗಿಯುತ್ತಿದ್ದ ಫೋನು ಈಗ ಅರ್ಧ ಗಂಟೆಯ ಜಗಳವಾಗಿ ಬೆಳೆದಿತ್ತು. ಜಗಳವಾಡಲು ಬರುವಷ್ಟು ಕನ್ನಡ ಬಂತೆಂದರೆ ಭಾಷೆ ಬಂತೆಂದೇ ಲೆಕ್ಕ.

ಈಗ ಎಲ್ಲಕ್ಕಿಂತ ಹೆಚ್ಚು ಶ್ರಮ ತೆಗೆದುಕೊಂಡ ಪ್ರಾಜೆಕ್ಟಿನ ವಿಷಯ. ಐದು ಮಕ್ಕಳು ಕೂಡಿ ಮಾಡಿದ್ದು ಇದು. ಅವರಲ್ಲೊಬ್ಬನ ತಾಯಿ ಬಾಗಲಕೋಟೆಯ ಕಡೆಯವರು, ತಂದೆ ಮರಾಠಿಗರು. ಶಾಲೆಯಲ್ಲಿ ಅವನನ್ನು ಕನ್ನಡಿಗನೆಂದು ಚೇಷ್ಟೆ ಮಾಡುತ್ತಾರೆ. ನಮ್ಮಲ್ಲಿಗೆ ಬಂದರೆ ಅವನ ಮಾತಿನ ಧಾಟಿಯನ್ನು ಕೇಳಿ ಇತರ ಮಕ್ಕಳು ಮರಾಠಿಯವನೆನ್ನುತ್ತಾರೆ. ಒಂದು ದಿನ ಅವನು ಇನ್ನು ಬರುವುದಿಲ್ಲವೆಂದು ತಾಯಿಯಲ್ಲಿ ಹಟ ಹಿಡಿದ. ಆ ಸಮಯದಲ್ಲಿ ನಾನು ಅವನಿಗೆ ಹೇಳಿದ್ದು ಕಿಳ್ಳೇಕ್ಯಾತರ ಸಂಗತಿಯನ್ನು.

ಉತ್ತರ ಕರ್ನಾಟಕದ ವಾಚಕರಲ್ಲಿ ಹಿರಿಯರಾದವರು ತೊಗಲುಗೊಂಬೆಯಾಟವನ್ನು ಕಂಡಿರಬಹುದು. ಹದಮಾಡಿದ ಚರ್ಮದ ಮೇಲೆ ಬಣ್ಣ ಹಾಕಿ, ರಂಧ್ರಗಳನ್ನು ಕೊರೆದು ಮಾಡಿದ ಗೊಂಬೆಗಳನ್ನು ಬಿಳಿಯ ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಆಡಿಸಿ, ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ರಾತ್ರಿಯಿಡೀ ಹೇಳುವ ಕಲೆ ಅದು. ಇದನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ಶಿಳ್ಳೇಕ್ಯಾತ ಅಥವಾ ಕಿಳ್ಳೇಕ್ಯಾತ ಜನರ ಮನೆಮಾತು ಮರಾಠಿಯ ಒಂದು ಉಪಭಾಷೆ. ಪರದೆಯ ಮುಂದೆ ಅವರ ರಾಮನೂ ಭೀಮನೂ ಆಡುವುದು ಶುದ್ಧ ಕನ್ನಡ. ಮನೆಯಲ್ಲಿ ಒಂದು ಭಾಷೆ, ಆಟದಲ್ಲಿ ಇನ್ನೊಂದು. ಇದರಲ್ಲಿ ಅವರಿಗೆ ಕೊರತೆಯೇನೂ ಕಾಣಲಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಸಂದಿತು. ಇತ್ತ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ ಸಮಾಜದವರು ಚಿತ್ರಗಳ ಹಾಳೆಗಳನ್ನು ಒಂದೊಂದಾಗಿ ತೋರಿಸುತ್ತ ಮರಾಠಿಯಲ್ಲಿ ಭಾರತ ರಾಮಾಯಣದ ಕಥೆಗಳನ್ನು ಹೇಳುತ್ತಾರೆ. ಇದಕ್ಕೆ ಚಿತ್ರಕಥಿ ಎಂದು ಹೆಸರು. ಅವರಲ್ಲಿಯೂ ತೊಗಲುಗೊಂಬೆಗಳುಂಟು. ಆ ಊರಿನ ಪರಶುರಾಮ ಗಂಗಾವಣೆಯವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು. ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಇಂಥ ಚಿತ್ರಗಳನ್ನು ನೋಡಬಹುದು.

ಬೇಂದ್ರೆಯವರ ಮನೆಮಾತೂ ಮರಾಠಿಯೇ, ಅವರು ಪದವಿ ಪಡೆದದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ 1918ರಲ್ಲಿ ಎಂಬುದನ್ನೂ ಆ ಹುಡುಗನಿಗೆ ಹೇಳಿದೆ. ಆದರೆ ವರಕವಿಯ ಹೆಸರಿಗಿಂತ ಗೊಂಬೆಯವರ ಸಂಗತಿಯೇ ಅವನ ಮನಸ್ಸಿಗೆ ನಾಟಿತು. ಮುಂದಿನ ವಾರ ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಬಂದ. ಬಿಸ್ಕೀಟಿನ ಪೆಟ್ಟಿಗೆಯ ರಟ್ಟು, ಬಣ್ಣದ ಪಾರದರ್ಶಕ ಕಾಗದ, ಪೊರಕೆಯ ಕಡ್ಡಿ, ಹಳೆಯ ಬಿಳಿ ಪಂಚೆ, ಒಂದು ಮೇಜುದೀಪ: ಇವೇ ಸಾಮಗ್ರಿ. ಆರಿಸಿದ ಪ್ರಸಂಗ ಹನುಮಂತನ ಲಂಕಾದಹನ. ತೊಗಲುಗೊಂಬೆಯ ಸಂಪ್ರದಾಯದಲ್ಲಿ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಎಂಬ ಇಬ್ಬರು ಹಾಸ್ಯಗಾರರು ನಡುನಡುವೆ ಬಂದು ಜನರನ್ನು ನಗಿಸುತ್ತಾರೆ. ಈ ಪಾತ್ರವನ್ನು ಆ ಹುಡುಗನೇ ವಹಿಸಿದ. ಅವನ ಕಿಳ್ಳೇಕ್ಯಾತ ಲಂಕೆಯಲ್ಲಿ ರಿಕ್ಷಾ ನಡೆಸುತ್ತಾನೆ. ಬಾಲಕ್ಕೆ ಬೆಂಕಿ ಹತ್ತಿದ ಹನುಮಂತನು ರಿಕ್ಷಾ ಕೇಳಿದರೆ, ಕಾತ್ರಜದ ಕಡೆಗೆ ಬರುವುದಿಲ್ಲವೆಂದು ಅಪ್ಪಟ ಪುಣೇರಿ ಮರಾಠಿಯಲ್ಲಿ ಹೇಳಿ, ತಕ್ಷಣವೇ ಕನ್ನಡಕ್ಕೆ ತಿರುಗಿ ಬಂಗಾರಕ್ಕನಿಗೆ "ಏ, ನೀರು ತಗೊಂಡ್ ಬಾರs, ಗಿರಾಕಿ ಉರೀಲಿಕ್ಕತ್ಯಾನ" ಎಂದು ಕೂಗುತ್ತಾನೆ. ಪರದೆಯ ಹಿಂದೆ ಅವನು ಎಷ್ಟು ಸಲೀಸಾಗಿ ಎರಡೂ ಭಾಷೆಗಳಲ್ಲಿ ಓಡಾಡಿದನೆಂದರೆ ಉಳಿದ ಮಕ್ಕಳಿಗೆ ಅದು ಅಸೂಯೆಯ ವಿಷಯವಾಯಿತು. ಅಲ್ಲಿಂದ ಮುಂದೆ ಅವನ ಧಾಟಿಯನ್ನು ಯಾರೂ ಆಡಿಕೊಂಡಿಲ್ಲ. ಅವನ ತಂದೆ ಆ ದಿನ ಮೊದಲ ಬಾರಿಗೆ ನಮ್ಮ ಪಾಠಕ್ಕೆ ಬಂದಿದ್ದರು. ಅರ್ಧ ತಿಳಿಯಿತು, ಪೂರ್ತಿ ನಕ್ಕೆ ಎಂದರು.

ಕಡೆಯದು, ಹದಿಮೂರು ವರ್ಷದ ಹುಡುಗಿಯೊಬ್ಬಳ ಉತ್ತರಕುಮಾರ. ಅವಳ ಅಜ್ಜ ಗದಗಿನ ಕಡೆಯವರು. ಮಳೆ ತಡವಾದಾಗ ಊರಲ್ಲಿ ವಿರಾಟಪರ್ವವನ್ನು ಓದಿಸುವ ರೂಢಿಯಿದ್ದ ಕಾಲದವರು. ಮೂರು ವರ್ಷಗಳ ಹಿಂದೆ ಅವರಿಗೆ ಪಾರ್ಶ್ವವಾಯು ತಗುಲಿ ಬಲಗೈ ಸೋತು, ಮಾತು ನಿಂತುಹೋಯಿತು. ಮಗ ಅವರನ್ನು ಧನಕವಡಿಯ ಮನೆಗೆ ಕರೆತಂದ. ತಿಳಿವಳಿಕೆ ಚೆನ್ನಾಗಿದೆ, ಆಡಲು ಮಾತ್ರ ಮಾತು ಬಾರದು. ನೀರು ಬೇಕೆಂದರೂ ಕೈಸನ್ನೆಯೇ. ಕನ್ನಡದ ಹಿರಿಯರೊಬ್ಬರಿಂದ ಒಪ್ಪಿಗೆ ಪಡೆಯಬೇಕೆಂಬ ನಮ್ಮ ನಿಯಮವು ಈ ಹುಡುಗಿಗೆ ಕಠಿಣವಾಗಿ ಕಂಡಿತು. "ನಮ್ಮ ಅಜ್ಜಾಗ ಹೇಳಿದ್ರ ಅವ್ರು ಏನಂತ ಹೇಳ್ತಾರ ಸರ್?" ಎಂದು ಕೇಳಿದಳು. ತಲೆಯಾಡಿಸಿದರೂ ಸಾಕೆಂದೆ.

ಕುಮಾರವ್ಯಾಸನ ಉತ್ತರಕುಮಾರನನ್ನು ಬಲ್ಲದ ಕನ್ನಡಿಗರು ವಿರಳ. ಅಂತಃಪುರದ ಹೆಂಗಸರ ಮುಂದೆ ಕೌರವಸೇನೆಯನ್ನು ತರಿದುಬಿಡುವೆನೆಂದು ಕೊಚ್ಚಿಕೊಂಡು, ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ರಾಜಕುಮಾರನವನು. ಹುಡುಗಿ ಗಮಕಿಗಳ ವಾಚನವನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಕೆಲವು ಷಟ್ಪದಿಗಳ ರಾಗವನ್ನು ಹಿಡಿದಿದ್ದಳು. ಒಂದು ಸಂಜೆ ಅಜ್ಜನ ಮುಂದೆ ಕುಳಿತು ಹಾಡುತ್ತ, ಪದ್ಯದ ನಡುವೆ ಪದ ಮರೆತು ನಿಂತಳು. ಮುಂದಿನ ಪಾದವನ್ನು ಅಜ್ಜ ಹಾಡಿದರು. ಒಡೆದ ಧ್ವನಿ, ಆದರೆ ಪದಗಳು ಸರಿಯಾಗಿದ್ದವು. ಅಡುಗೆಮನೆಯಲ್ಲಿದ್ದ ಸೊಸೆ ಕೈಯಲ್ಲಿ ಸೌಟು ಹಿಡಿದು ಹೊರಗೆ ಬಂದು ನಿಂತುಬಿಟ್ಟರಂತೆ.

ಇದರಲ್ಲಿ ಪವಾಡವೇನೂ ಇಲ್ಲ. ಬಹುಮಂದಿಯಲ್ಲಿ ಮಾತನ್ನು ಜೋಡಿಸುವ ಕೇಂದ್ರಗಳು ಮೆದುಳಿನ ಎಡಭಾಗದಲ್ಲಿರುತ್ತವೆ. ಆ ಭಾಗಕ್ಕೆ ರಕ್ತ ನಿಂತಾಗ ಹೊಸ ವಾಕ್ಯವನ್ನು ಕಟ್ಟುವ ಶಕ್ತಿ ಕುಂದಿದರೂ, ಬಾಲ್ಯದಲ್ಲಿ ಕಂಠಪಾಠವಾದ ಹಾಡು, ಪ್ರಾರ್ಥನೆ, ಎಣಿಕೆ, ವಾರಗಳ ಹೆಸರು ಮೊದಲಾದವು ಅನೇಕರಲ್ಲಿ ಉಳಿದಿರುತ್ತವೆ. ಇದನ್ನೇ ಆಧರಿಸಿ ಅಮೆರಿಕದ ಬಾಸ್ಟನ್ನಿನ ತಜ್ಞರು 1973ರಲ್ಲಿ, ಮಾತನ್ನು ರಾಗವಾಗಿ ಹಾಡಿಸುತ್ತ ಮರಳಿ ಕಲಿಸುವ ಒಂದು ಚಿಕಿತ್ಸಾಕ್ರಮವನ್ನು ಪ್ರಕಟಿಸಿದರು. ಎಲ್ಲ ರೋಗಿಗಳಿಗೂ ಅದು ಸಮನಾಗಿ ಫಲಿಸದು. ಪದ್ಯ ಬಂದ ಮಾತ್ರಕ್ಕೆ ಸಂಭಾಷಣೆಯೂ ಬಂದೀತೆಂದು ಭಾವಿಸಬಾರದು. ವಾಕ್‌ಚಿಕಿತ್ಸಕರ ನೆರವು ಬೇಕೇ ಬೇಕು, ಮತ್ತು ಅದನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಪ್ರಸಂಗ ಬಂದದ್ದರಿಂದ ಇನ್ನೊಂದು ಮಾತು: ಮುಖ ಒಂದು ಕಡೆಗೆ ಸೊಟ್ಟಾಗುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಾಗುತ್ತದೆ.

ಗಮಕ ಕಲೆಯಲ್ಲಿ ವಾಚನಕಾರರೂ ವ್ಯಾಖ್ಯಾನಕಾರರೂ ಇಬ್ಬರಿರುತ್ತಾರಷ್ಟೆ. ಹುಡುಗಿ ತನ್ನ ಪ್ರಾಜೆಕ್ಟನ್ನು ಆ ಪ್ರಕಾರ ಬದಲಿಸಿದಳು. ಪದ್ಯದ ಮೊದಲರ್ಧ ತಾನು, ಉಳಿದರ್ಧ ಅಜ್ಜ, ವ್ಯಾಖ್ಯಾನ ಮತ್ತೆ ತಾನು. ದೀಪಾವಳಿಯ ಕಾರ್ಯಕ್ರಮಕ್ಕೆ ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಐದು ಪದ್ಯಗಳಲ್ಲಿ ಮೂರನ್ನು ಅವರು ಪೂರ್ಣಗೊಳಿಸಿದರು. ನಾಲ್ಕನೆಯದರಲ್ಲಿ ಬಾಯಿ ತೆರೆದು, ಪದ ಬಾರದೆ, ಕಣ್ಣಲ್ಲಿ ನೀರು ಬಂತು. ಹುಡುಗಿ ಗಾಬರಿಯಾಗಲಿಲ್ಲ, ಅವರ ಬದಲಿಗೆ ಹಾಡಿ ಮುಗಿಸಲೂ ಇಲ್ಲ. ಸುಮ್ಮನೆ ಕಾಯ್ದಳು. ಆಮೇಲೆ, "ಉತ್ತರಕುಮಾರ ಇಲ್ಲಿ ರಥಾ ಬಿಟ್ಟು ಓಡಿಹೋದ" ಎಂದು ವ್ಯಾಖ್ಯಾನಕ್ಕೆ ತಿರುಗಿದಳು. ಅಜ್ಜ ನಕ್ಕರು, ಸಭೆಯೂ ನಕ್ಕಿತು. ಈಗ ಆ ಮನೆಯಲ್ಲಿ ಪ್ರತಿದಿನ ಸಂಜೆ ಕಾಲು ಗಂಟೆ ಈ ವಾಚನ ನಡೆಯುತ್ತದೆ. ಅಜ್ಜ ನೀರನ್ನು ಇಂದಿಗೂ ಸನ್ನೆಯಿಂದಲೇ ಕೇಳುತ್ತಾರೆ.

ತಮ್ಮ ಮನೆಗಳಲ್ಲಿ ಇಂಥದ್ದನ್ನು ಆರಂಭಿಸಬೇಕೆನ್ನುವ ವಾಚಕರು ಕೆಲವು ಸಂಗತಿಗಳನ್ನು ಗಮನಿಸಬೇಕು. ಮಗು ಕಥೆ ಹೇಳುವಾಗ ನಡುವೆ ಬಾಯಿ ಹಾಕಿ ವ್ಯಾಕರಣವನ್ನು ತಿದ್ದಬಾರದು. ತಪ್ಪುಗಳನ್ನು ಗುರುತಿಟ್ಟುಕೊಂಡು ಮರುದಿನ ಹೇಳಿದರಾಯಿತು. ಭೀಮನ ಗರ್ಜನೆ ಎಂದು ಮಕ್ಕಳು ಗಂಟಲು ಹರಿಯುವಂತೆ ಕಿರುಚುವುದುಂಟು. ಧ್ವನಿ ಒಡೆದು ಎರಡು ಮೂರು ವಾರವಾದರೂ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಪುಸ್ತಕಗಳ ವಿಷಯದಲ್ಲಿ, ತಂದೆತಾಯಿಗಳಿಗೆ ಎ. ಆರ್. ಕೃಷ್ಣಶಾಸ್ತ್ರಿಗಳ 'ವಚನಭಾರತ'ಕ್ಕಿಂತ ಉತ್ತಮವಾದ ಗದ್ಯಭಾರತ ಕನ್ನಡದಲ್ಲಿಲ್ಲ. ಚಿಕ್ಕವರಿಗೆ ಚಿತ್ರಕಥೆಗಳೂ ಸಲ್ಲುತ್ತವೆ. ಅಮರ ಚಿತ್ರಕಥೆಯನ್ನು ಬೆಳೆಸಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳಾಗಿದ್ದು ಬೆಂಗಳೂರಿನಿಂದ ಕನ್ನಡದಲ್ಲಿಯೇ ಹೊರಬಂದಿದ್ದವು, ಹನ್ನೊಂದನೆಯದಾಗಿ ಕೃಷ್ಣ ಬಂದ. ಚಿತ್ರಪುಸ್ತಕವನ್ನು ಓದಿ ಮುಚ್ಚಿಟ್ಟು ಅನಂತರ ಹೇಳಿಸಬೇಕೆಂಬುದೊಂದೇ ನನ್ನ ಷರತ್ತು.

ಈ ವರ್ಷದ ಆಯ್ಕೆಗಳು ಬಂದಿವೆ. ಒಬ್ಬಳಿಗೆ ಹಿಡಿಂಬೆ, ಒಬ್ಬನಿಗೆ ಬಭ್ರುವಾಹನ, ಇಬ್ಬರು ಕೂಡಿ ಜಟಾಯು ಸಂಪಾತಿಗಳನ್ನು ಹಂಚಿಕೊಂಡಿದ್ದಾರೆ. ಕಾಗುಣಿತದ ವೈರಿಯಾದ ನಮ್ಮ ಹುಡುಗ ಶಕುನಿಯೇ ಬೇಕೆಂದು ಪಟ್ಟು ಹಿಡಿದಿದ್ದಾನೆ. ವಿಜಯಪುರದಲ್ಲಿರುವ ಅವನ ಅಜ್ಜಿಯ ಒಪ್ಪಿಗೆ ಇನ್ನೂ ಬಂದಿಲ್ಲ, ಮಾತುಕತೆ ನಡೆದಿದೆ.